ಬೇವಿನ ಮರದ ಕಾವಲು

ಹತ್ತು ಗಂಟೆಯಾದರೂ ತಂಗಿಯ ಮನೆಯವರನ್ನು ಬಿಟ್ಟರೆ ಓಣಿಯಿಂದ ಒಬ್ಬ ಹೆಂಗಸೂ ಮತ ಹಾಕಲು ಹೊರಡಲಿಲ್ಲ. ಸಂಘರತ್ನ ಬೇವಿನ ಮರದ ಕೆಳಗೆ ಕಾಲಗಲಿಸಿ, ಮತಗಟ್ಟೆಯಿದ್ದ ಶಾಲೆಯ ದಾರಿಗೆ ಮುಖ ಮಾಡಿ ನಿಂತೇ ಇದ್ದ. ಮೈಮೇಲೆ ಇಸ್ತ್ರಿ ಮಾಡಿದ ಹಳೆಯ ಫೌಜಿ ಉಡುಪು, ತಲೆಯ ಮೇಲೆ ಕಾಂಗೋದ ಶಾಂತಿಪಡೆಯಲ್ಲಿ ಕೊಟ್ಟಿದ್ದ ನೀಲಿ ಟೋಪಿ. ಬಲಗೈ ಆಗಾಗ ಹೆಗಲಿಗೆ ಹೋಗಿ ಬಂದೂಕಿನ ಪಟ್ಟಿಯನ್ನು ಹುಡುಕಿ ಸುಮ್ಮನೆ ಇಳಿಯುತ್ತಿತ್ತು. ನಿವೃತ್ತಿಯ ಮೇಲೆ ಹುಮನಾಬಾದಿನ ಒಂದು ಕಾರ್ಖಾನೆಯ ಗೇಟಿನಲ್ಲಿ ಆ ಬಂದೂಕು ಹಿಡಿದು ನಿಲ್ಲುವುದೇ ಅವನ ನೌಕರಿ. ಚುನಾವಣೆ ಬಂತೆಂದು ಅದನ್ನು ಠಾಣೆಗೆ ಒಪ್ಪಿಸಿ ರಸೀತಿ ತಂದಿದ್ದ.

ರಾಜೇಶ್ವರದಿಂದ ನಾಲ್ಕು ಕಿಲೋಮೀಟರ್ ಒಳಗಿದ್ದ ಆ ಊರಿನಲ್ಲಿ ಪಂಚಾಯತಿ ಚುನಾವಣೆ ಎಂದರೆ ಬಂಡೆಪ್ಪ ತನ್ನ ಕಟ್ಟೆಯ ಮೇಲೆ ಕೂತು ಒಂದು ಹೆಸರು ಹೇಳುವುದು, ಉಳಿದವರು ನಾಮಪತ್ರ ಹಿಂದಕ್ಕೆ ಪಡೆಯುವುದು. ಈ ಸಲ ಅವನು ಹೇಳಿದ್ದು ತನ್ನ ಸೊಸೆಯ ಹೆಸರು. ಸಂಘರತ್ನನ ತಂಗಿ ರತ್ನಮಾಲಾ ಮಾತ್ರ ಹಿಂದಕ್ಕೆ ಪಡೆಯಲಿಲ್ಲ. ಓಣಿಯ ಮತಗಳಷ್ಟೂ ಬಿದ್ದರೆ ಅವಳು ಗೆದ್ದಂತೆಯೇ. ಅದಕ್ಕೇ ಅಣ್ಣ ರಜೆ ಹಾಕಿ ಬಂದಿದ್ದ. ಹಿಂದಿನ ದಿನ ಮನೆಮನೆಗೆ ಹೋಗಿ, "ಹೆದರಬ್ಯಾಡ್ರಿ. ಯಾರಿಗಿ ಹಾಕ್ತೀರಂತ ಒಬ್ಬರಿಗೂ ತಿಳೀಬಾರ್ದು. ಎಲ್ಲಾರೂ ಕೂಡಿ ಬರ್ರಿ, ನಾ ಮುಂದ ನಡೀತೀನಿ" ಎಂದಿದ್ದ. ಎಲ್ಲರೂ ತಲೆಯಾಡಿಸಿದ್ದರು.

ಬಂಡೆಪ್ಪನ ಮೋಟರ್‌ಸೈಕಲ್ ಮರದ ಹತ್ತಿರ ನಿಂತಿತು.

"ಏನ್ ಹವಾಲ್ದಾರ್ ಸಾಬ್, ದುಶ್ಮನ್ ಈ ಕಡಿಂದ ಬರಾಕತ್ತಾನೇನು? ಕಟ್ಟಿಗಿ ಬರ್ರಿ, ಚಹಾ ಕುಡೀರಿ."

"ಇಲ್ಲೇ ಛಲೋ ಅದರಿ."

"ನಿಂದರ್ರಿ, ನಿಂದರ್ರಿ. ನೀವು ನಿಂತ್ರ ನಮಗ ಕೆಲಸ ಕಮ್ಮಿ."

ನಗುತ್ತಲೇ ಹೋದ. ಆ ಮಾತು ಬೂಟಿನೊಳಗಿನ ಹರಳಿನಂತೆ ಚುಚ್ಚತೊಡಗಿತು. ಸಂಘರತ್ನ ನಾಲ್ಕು ಹೆಜ್ಜೆ ಆ ಕಡೆ, ನಾಲ್ಕು ಹೆಜ್ಜೆ ಈ ಕಡೆ ನಡೆದ.

ರತ್ನಮಾಲಾ ಮತಗಟ್ಟೆಯ ಕಡೆಯಿಂದ ಬಂದಳು. ಸೆರಗಿನಿಂದ ಮುಖ ಒರೆಸಿಕೊಂಡು, "ಹನ್ನೊಂದು ಮಂದಿ ಹಾಕ್ಯಾರ ಅಣ್ಣಾ. ಎಲ್ಲಾ ನಮ್ಮ ಮನಿಯವ್ರೇ. ಕಾಂತಾಕಾಕಿನ್ನ ಕೇಳು ಹೋಗು, ನನ್ನ ಮುಂದ ಬಾಯಿ ಬಿಡವಲ್ಲಳು" ಎಂದಳು.

ಓಣಿಯ ಹೆಂಗಸರಿಗೆಲ್ಲ ಹಿರಿಯಳಾದ ಕಾಂತಾಬಾಯಿ ಹೊಸ್ತಿಲಲ್ಲಿ ಕೂತು ತೊಗರಿ ಹಸನು ಮಾಡುತ್ತಿದ್ದಳು. ಅವನನ್ನು ಕಂಡರೂ ಮೊರ ನಿಲ್ಲಲಿಲ್ಲ.

"ಮುಂಜಾನಿಂದ ನಿಂತೀನಿ ಕಾಕಿ. ಯಾರಿಗಿ ಹೆದರಾಕತ್ತೀರಿ? ಆ ಬಂಡೆಪ್ಪಗೇನು?"

"ನಿನಗ."

"ನನಗ?"

"ಯಾರಿಗಿ ಹಾಕ್ತೀವಂತ ಒಬ್ಬರಿಗೂ ತಿಳೀಬಾರ್ದು ಅಂದವ ನೀನೇ. ನಿನ್ನ ಬೆನ್ನ ಹಿಂದ ಸಾಲು ಹಚ್ಚಿ ಹೊಂಟ್ರ, ಯಾರಿಗಿ ಹಾಕ್ತೀವಂತ ಊರಿಗೆಲ್ಲ ಡಂಗುರ ಹೊಡದಂಗ ಅಲ್ಲೇನೋ ಮಗಾ?"

"ಏನರ ಆದ್ರ ನಾ ಇದ್ದೀನಲ್ಲ."

ಅವಳು ಮೊರದಿಂದ ಒಂದು ಹರಳು ಹೆಕ್ಕಿ ಅಂಗಳಕ್ಕೆ ಎಸೆದಳು. "ಯಾವಾಗ ಹೋಗ್ತಿ ನೀ?"

"ಸೋಮವಾರ ಡ್ಯೂಟಿ ಅದ."

"ಸೋಮವಾರ ನಮಗೂ ಡ್ಯೂಟಿ ಅದ. ಬಂಡೆಪ್ಪನ ಹೊಲದಾಗ."

ಯಾವಾಗ ಹೋಗ್ತಿ ಎಂಬ ಇದೇ ಪ್ರಶ್ನೆಯನ್ನು ಹಿಂದೆಯೂ ಒಬ್ಬಳು ಸಂಘರತ್ನನಿಗೆ ಕೇಳಿದ್ದಳು. ಕಾಂಗೋದ ಒಂದು ಮತಗಟ್ಟೆಯ ಮುಂದೆ ಅವನು ಬಂದೂಕು ಹಿಡಿದು ನಿಂತಿದ್ದಾಗ, ಬುಟ್ಟಿ ಹೊತ್ತ ಮುದುಕಿಯೊಬ್ಬಳು ಸಾಲಿನಿಂದ ಬಂದು ಏನೋ ಅಂದಳು. ನೀವು ಯಾವಾಗ ಹೋಗುತ್ತೀರಿ ಅಂತ ಕೇಳುತ್ತಿದ್ದಾಳೆ ಎಂದ ದುಭಾಷಿ. ಸಿಪಾಯಿಗಳೆಲ್ಲ ನಕ್ಕರು. ಇವಳ ಮತಕ್ಕಾಗಿ ಸಮುದ್ರ ದಾಟಿ ಬಂದರೆ ಇವಳಿಗೆ ನಮ್ಮನ್ನು ಸಾಗಹಾಕುವ ಅವಸರ! ಮುದುಕಿ ಅವರ ಹಿಂದೆ, ಬಂಡುಕೋರರು ಅಡಗಿದ್ದ ಗುಡ್ಡದ ಕಡೆ ಒಮ್ಮೆ ನೋಡಿದಳು. ಸಾಲಿಗೆ ಮರಳಲಿಲ್ಲ, ಮನೆಯ ದಾರಿ ಹಿಡಿದಳು.

ಗೇಟಿನ ಚಹಾದಂಗಡಿಯಲ್ಲಿ ಈ ಕಥೆ ಹೇಳಿ ಅವನು ಎಷ್ಟೋ ಸಲ ನಗಿಸಿದ್ದ. ಬಸವಕಲ್ಯಾಣದ ಕಾಲೇಜೊಂದರಲ್ಲಿ ಸನ್ಮಾನ ಮಾಡಿದಾಗ ಹುಡುಗಿಯೊಬ್ಬಳು ಎದ್ದು, "ಫೌಜ್ ಕಳಿಸಿ ಬ್ಯಾರೆ ದೇಶಕ್ಕ ಪ್ರಜಾಪ್ರಭುತ್ವ ತರಾಕ ಬರ್ತದೇನ್ರಿ ಸರ್?" ಎಂದು ಕೇಳಿದ್ದಳು. "ಯಾಕ ಬರಲ್ಲ? ನಾನೇ ತಂದೀನಿ" ಎಂದಿದ್ದ. ಚಪ್ಪಾಳೆ ಬಿದ್ದಿತ್ತು. ಆ ಹುಡುಗಿ ಮಾತ್ರ ಹೊಡೆದಿರಲಿಲ್ಲ.

ಅವನು ಕಾಂತಾಬಾಯಿಯ ಅಂಗಳದಿಂದ ತಂಗಿಯ ಮನೆಗೆ ಹೋಗಿ ಅಂಗಿ ಬದಲಿಸಿ, ಚೀಲ ಹೆಗಲಿಗೇರಿಸಿ ನೇರವಾಗಿ ಬಂಡೆಪ್ಪನ ಕಟ್ಟೆಯ ಮುಂದಿನಿಂದಲೇ ನಡೆದ.

"ಯಾಕ್ರಿ ಸಾಬ್, ಲಢಾಯಿ ಮುಗೀತೇನು?"

"ಮುಗೀತ್ರಿ. ಹುಮನಾಬಾದಕ್ಕ ಹೊಂಟೀನಿ. ಡ್ಯೂಟಿಗಿ ಕರೆದಾರ" ಎಂದು ಊರಿಗೆಲ್ಲ ಕೇಳುವಂತೆ ಹೇಳಿದ. ಕಟ್ಟೆಯ ಮೇಲಿನವರು ತೊಡೆ ತಟ್ಟಿಕೊಂಡು ನಕ್ಕರು.

ರತ್ನಮಾಲಾ ಓಡಿ ಬಂದಾಗ ಅವನು ಟಂಟಂ ಆಟೋದಲ್ಲಿ ಕೂತಾಗಿತ್ತು. "ಬಿಟ್ಟು ಹೊಂಟಿಯೇನು ಅಣ್ಣಾ? ಇವತ್ತೇ?"

ಕಟ್ಟೆಯ ಮೇಲಿನವರು ಕಿವಿಗೊಟ್ಟಿದ್ದರು. "ಹೂಂ" ಎಂದನಷ್ಟೆ. ಅವಳ ಮುಖ ನೋಡುವುದಾಗಲಿಲ್ಲ.

ಟಂಟಂ ಶಾಲೆಯನ್ನು ದಾಟಿ ಏರು ಹತ್ತಿತು. ಅವನು ಚೀಲದೊಳಗೆ ಕೈಹಾಕಿ ಟೋಪಿಯನ್ನು ಹಿಂಡುತ್ತ, ಇಳಿಯಲೇ, ತಿರುಗಿ ಹೋಗಲೇ ಎಂದು ತಳಮಳಿಸುತ್ತಿದ್ದ. ತಿರುವಿನಲ್ಲಿ ತಡೆಯಲಾಗದೆ ಹಿಂದಕ್ಕೆ ನೋಡಿದ.

ಕಾಂತಾಬಾಯಿ ಸೊಂಟಕ್ಕೆ ಖಾಲಿ ಕೊಡ ಇಟ್ಟುಕೊಂಡು ಒಬ್ಬಳೇ ಬರುತ್ತಿದ್ದಳು. ಅವಳಿಂದ ಬಹಳ ದೂರ ಹಿಂದೆ ಇನ್ನೊಬ್ಬಳು, ಅವಳ ಸೊಂಟದಲ್ಲೂ ಕೊಡ. ಇಬ್ಬರೂ ಬಾವಿಯ ದಾರಿ ಬಿಟ್ಟು ಶಾಲೆಯ ಕಡೆ ಹೊರಳಿದರು. ಆ ಶಾಲೆಯಲ್ಲಿ ನೀರಿರಲಿಲ್ಲ. ಚಿಕ್ಕಂದಿನಲ್ಲಿ ಅಲ್ಲಿ ಓದುವಾಗ ಬಾಯಾರಿದರೆ ಅವನೇ ಮನೆಗೆ ಓಡುತ್ತಿದ್ದ.