ಶುಂಠಿ ಹೊಲದವರ ಭಾನುವಾರ

ಪ್ರೇಮಕುಮಾರಿ ಅರಕಲಗೂಡಿನ ಪ್ರಾಥಮಿಕ ಶಾಲೆಯೊಂದರಲ್ಲಿ ಟೀಚರ್. ವಯಸ್ಸು ಐವತ್ತೇಳು. ಮದುವೆಯಾಗಿರಲಿಲ್ಲ, ತಾಯಿ ತೀರಿಕೊಂಡ ಮೇಲೆ ಬಾಡಿಗೆ ಮನೆಯಲ್ಲಿ ಒಬ್ಬಳೇ. ದಸರಾ ರಜೆಯಲ್ಲಿ ಸರ್ಕಾರದ ಸಮೀಕ್ಷೆಯ ಕೆಲಸ ಬಿತ್ತು. ಮನೆಮನೆಗೆ ಹೋಗಿ ಜನರ ವಿವರವನ್ನು ಮೊಬೈಲಿಗೆ ತುಂಬಬೇಕು. ಮೊದಲು ತನ್ನದೇ ಮನೆಯದನ್ನು ತುಂಬಿದಳು. ಕುಟುಂಬದ ಸದಸ್ಯರು: ಒಂದು. ಎರಡು ನಿಮಿಷವೂ ಹಿಡಿಯಲಿಲ್ಲ.

ಅವಳ ಪಾಲಿಗೆ ಬಂದ ಊರುಗಳಲ್ಲಿ ಒಂದು ಹಳೆಯ ಕಾಲೋನಿಯಿತ್ತು. ಹೇಮಾವತಿ ಅಣೆಕಟ್ಟೆಯ ನೀರು ಅವಳ ಊರನ್ನು ಮುಳುಗಿಸಿದಾಗ ಅಲ್ಲಿನ ನಲವತ್ತು ಕ್ರೈಸ್ತ ಕುಟುಂಬಗಳಿಗೆ ಕೊಟ್ಟ ಜಾಗ ಅದು. ಆಗ ಅವಳಿಗೆ ಎಂಟು ವರ್ಷ. ಅವಳ ಅಪ್ಪ ಉಪದೇಶಿ. ಫಾದರ್ ಬಾರದ ಭಾನುವಾರಗಳಲ್ಲಿ ಪ್ರಾರ್ಥನೆ ನಡೆಸುತ್ತಿದ್ದವರು. ಊರು ಬಿಡುವ ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿಕೊಂಡು ಬೈಬಲಿನಿಂದ, ಎಲ್ಲವನ್ನೂ ಕಳೆದುಕೊಂಡ ಯೋಬನ ಮಾತು ಓದಿದ್ದರು: ಜನಾಂಗಗಳನ್ನು ಬೆಳೆಸುವವನೂ ದೇವರೇ, ಅಳಿಸುವವನೂ ದೇವರೇ ಎಂದು.

"ಅಂಗಾದ್ರೆ ನಮ್ಮೂರ್ನ ಮುಳುಗ್ಸಿದ್ದೂ ದೇವ್ರೇನಾ, ಅಪ್ಪಾ?" ಎಂದು ಅವಳು ಕೇಳಿದ್ದಳು.

ಅಪ್ಪ ಬೈಬಲನ್ನು ಮುಚ್ಚಿ ಕಂಕುಳಲ್ಲಿಟ್ಟುಕೊಂಡು ಗಾಡಿಯ ಕಡೆ ನಡೆದುಬಿಟ್ಟರು. ಆ ಸಿಟ್ಟು ಅವಳಲ್ಲಿ ಹಾಗೇ ಉಳಿಯಿತು. ಚರ್ಚಿಗೆ ಹೋಗುವುದನ್ನು ಬಿಡಲಿಲ್ಲ; ಆದರೆ ಯೋಬನ ಪುಸ್ತಕವನ್ನು ಮತ್ತೆಂದೂ ತೆರೆಯಲಿಲ್ಲ.

ಕಾಲೋನಿಯಲ್ಲಿ ಈಗ ಒಂದೂ ಕ್ರೈಸ್ತ ಮನೆಯಿರಲಿಲ್ಲ. ಕೆಲವರು ಹಾಸನಕ್ಕೆ, ಕೆಲವರು ಕೊಡಗಿನ ತೋಟಗಳಿಗೆ ಹೋಗಿದ್ದರು. ಉಳಿದವರು ಎಲ್ಲಿಗೆಂದು ಯಾರಿಗೂ ತಿಳಿಯದು. ಕೊನೆಯ ಮನೆಯ ಲಕ್ಕಮ್ಮ ರಾಗಿ ಕೇರುತ್ತಿದ್ದವಳು ತಲೆಯೆತ್ತಿ ನೋಡಿದಳು.

"ಉಪದೇಶಿ ಮಗ್ಳಲ್ವಾ ನೀನು? ನಿಮ್ಮೋರೆಲ್ಲ ಒಂಟೋದ್ರು ಕಣವ್ವ. ನಿಮ್ ಯೇಸಪ್ಪನ ಗುಡಿ ಬೀಗದಕೈ ನನ್ ತಾವೇ ಅದೆ. ಗುಡ್ಸಿ ಸಾರುಸ್ತೀನಿ."

"ಯಾರೂ ಬರದೇ ಇದ್ರೂನಾ?"

"ಯಾಕ್ ಬರಕಿಲ್ಲ? ಬಾನ್ವಾರ ಸುಂಟಿ ಒಲದೋರು ಬತ್ತಾರೆ. ಅದ್ಯಾವ್ದೋ ಬಾಸೇಲಿ ಆಡೇಳ್ತಾರೆ."

ಹೊಲದಂಚಿನ ಟಾರ್ಪಾಲಿನ ಜೋಪಡಿಗಳಲ್ಲಿ ಜಾರ್ಖಂಡಿನಿಂದ ಕೂಲಿಗೆ ಬಂದ ಹದಿನಾಲ್ಕು ಜನರಿದ್ದರು. ಅವರನ್ನೂ ಸೇರಿಸಬೇಕೆ ಎಂದು ಕೇಳಲು ಪ್ರೇಮಕುಮಾರಿ ಸಮೀಕ್ಷೆಯ ಮೇಲ್ವಿಚಾರಕ ಈಶ್ವರಯ್ಯನವರಿಗೆ ಫೋನ್ ಮಾಡಿದಳು.

"ಬ್ಯಾರೆ ರಾಜ್ಯದೋರ್ನ ಸೇರಿಸ್ಬೇಡಿ ಮೇಡಂ, ನಮ್ ಲೆಕ್ಕಕ್ಕೆ ಬರಲ್ಲ," ಎಂದರು ಅವರು.

ಭಾನುವಾರ ಅವಳು ಬೆಳಗಿನ ಬಸ್ಸು ಹಿಡಿದು ಮತ್ತೆ ಬಂದಳು. ಹೆಂಚಿನ ಪುಟ್ಟ ಗುಡಿಯಲ್ಲಿ ಅವರೆಲ್ಲ ನೆಲದ ಮೇಲೆ ಕುಳಿತಿದ್ದರು. ಕೈಬೆರಳುಗಳ ಸಂದಿಯಲ್ಲಿ ಇನ್ನೂ ಕೆಮ್ಮಣ್ಣು. ಅವರ ಹಾಡಿನಲ್ಲಿ ಯೇಸುವಿನ ಹೆಸರೊಂದು ಬಿಟ್ಟು ಬೇರೇನೂ ಅವಳಿಗೆ ತಿಳಿಯಲಿಲ್ಲ. ಅಷ್ಟು ಜನರ ನಡುವೆ ಕುಳಿತಾಗ ಮನೆಯಲ್ಲಿ ಒಬ್ಬಳೇ ಇರುವುದಕ್ಕಿಂತ ಹೆಚ್ಚು ಒಂಟಿ ಅನ್ನಿಸಿತು.

ಪ್ರಾರ್ಥನೆ ಮುಗಿದ ಮೇಲೆ ಸಲೋಮಿ ಎಂಬ ಹೆಂಗಸು ಹತ್ತಿರ ಬಂದಳು. ತನಗೆ ಬರುವ ಹರಕು ಹಿಂದಿಯಲ್ಲಿ ಪ್ರೇಮಕುಮಾರಿ ಹೇಳಿದಳು, ಇದು ನಮ್ಮವರು ಕಟ್ಟಿದ ಗುಡಿ, ನಮ್ಮ ಊರು ನೀರಿನಲ್ಲಿ ಹೋಯಿತು ಎಂದು. ಸಲೋಮಿ ಅವಳ ಕೈ ಹಿಡಿದುಕೊಂಡಳು. ತನ್ನ ಅಜ್ಜಿಯ ಊರೂ ಒಂದು ಅಣೆಕಟ್ಟೆಯ ನೀರಿನಡಿ ಇದೆ ಎಂದಳು.

ಐವತ್ತು ವರ್ಷ ಯಾರನ್ನೂ ಕೇಳದಿದ್ದ ಮಾತು ಪ್ರೇಮಕುಮಾರಿಯ ಬಾಯಿಗೆ ಬಂತು. "ಅದನ್ನ ಮಾಡಿದ್ದು ದೇವರೇನಾ?"

ಸಲೋಮಿ ಅವಳ ಕೈ ಬಿಡದೆಯೇ ಹೇಳಿದಳು, "ಗೊತ್ತಿಲ್ಲ ದೀದಿ. ಅಜ್ಜಿ ಸಾಯೋವರೆಗೂ ಅತ್ತಳು. ಪ್ರಾರ್ಥನೆನೂ ಮಾಡಿದಳು."

ಅಪ್ಪನಿಗೂ ಗೊತ್ತಿರಲಿಲ್ಲವೇನೋ ಎಂದು ಪ್ರೇಮಕುಮಾರಿಗೆ ಹೊಳೆದದ್ದು ಆಗ. ಗೊತ್ತಿಲ್ಲದೆಯೂ ಅಷ್ಟು ಜನರ ಮುಂದೆ ನಿಂತು ಓದಿದ್ದರು. ಅವಳಿಗೆ ಅಳು ತಡೆಯಲಾಗಲಿಲ್ಲ.

ಮುಂದಿನ ವಾರ ಹೋದಾಗ ಹೊಲ ಬರಿದಾಗಿತ್ತು, ಜೋಪಡಿಗಳೂ ಇರಲಿಲ್ಲ.

"ಸುಂಟಿ ಕಿತ್ತಾಯ್ತಲ್ಲವ್ವ, ಪಿರಿಯಾಪಟ್ಟಣದ ಕಡೀಕೆ ಓದ್ರು," ಎಂದಳು ಲಕ್ಕಮ್ಮ.

ಪ್ರೇಮಕುಮಾರಿ ಗುಡಿಯ ಒಳಗೆ ಹೋಗಿ, ತಂದಿದ್ದ ಬೈಬಲಿನಲ್ಲಿ ಯೋಬನ ಪುಸ್ತಕ ತೆರೆದು, ಅಪ್ಪ ಅಂದು ಓದಿದ್ದ ಅಧ್ಯಾಯವನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದಳು. ಬರಿಯ ಗೋಡೆಗಳಿಗೆ ಅವಳ ದನಿ ಬಡಿದು ಬರುತ್ತಿತ್ತು. ಸಿಟ್ಟು ಪೂರ್ತಿ ಹೋಗಿರಲಿಲ್ಲ. ಆದರೂ ನಡುವೆ ನಿಲ್ಲಿಸಲಿಲ್ಲ. ಆಮೇಲೆ ಸಲೋಮಿಗಾಗಿ, ಹೆಸರು ತಿಳಿಯದ ಉಳಿದ ಹದಿಮೂರು ಜನರಿಗಾಗಿ ಪ್ರಾರ್ಥಿಸಿದಳು.

"ಬರೋ ವಾರನೂ ಬತ್ತೀಯಾ?" ಬಾಗಿಲಲ್ಲಿ ನಿಂತ ಲಕ್ಕಮ್ಮ ಕೇಳಿದಳು.

"ಬತ್ತೀನಿ ಲಕ್ಕಮ್ಮ."

ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ಅವಳು ರಸ್ತೆಯ ಬದಿಗೆ ಬಂದು ಸೆರಗು ತಲೆಗೆ ಹಾಕಿಕೊಂಡು ಬಿಸಿಲಲ್ಲಿ ನಿಂತಳು.