ಪಾಸ್ಟರ್ ವಿಶ್ರಾಂತಿಗೆ ಸೇರಿದ ಸೋಮವಾರ

ನಮ್ಮ ಸಭೆಯ, ಅಂದರೆ ಚರ್ಚಿನ, ಬಾಗಿಲ ಪಕ್ಕದಲ್ಲಿ ಒಂದು ಮರದ ಪೆಟ್ಟಿಗೆ ಇದೆ. ಯಾರಿಗೆ ಯಾವ ವಿಷಯಕ್ಕೆ ಪ್ರಾರ್ಥನೆ ಬೇಕೋ ಅವರು ಚೀಟಿಯಲ್ಲಿ ಬರೆದು ಅದರೊಳಗೆ ಹಾಕುತ್ತಾರೆ. ಭಾನುವಾರ ಆರಾಧನೆಯ ಹೊತ್ತಿನಲ್ಲಿ ಇವರು ಒಂದೊಂದನ್ನೇ ತೆಗೆದು ಓದಿ ಪ್ರಾರ್ಥಿಸುತ್ತಾರೆ. ಇವರು ಅಂದರೆ ನನ್ನ ಗಂಡ, ಆ ಸಭೆಯ ಪಾಸ್ಟರು. ಚೀಟಿಯಲ್ಲಿ ಹೆಸರು ಬರೆಯಬೇಕಾಗಿಲ್ಲ. ಆದರೂ ಮೊಣಕಾಲು ನೋವು ಯಾರದ್ದು, ಕುಡುಕ ಅಳಿಯ ಯಾರ ಮನೆಯವನು ಎಂದು ಬೆಂಚುಗಳಲ್ಲಿ ಕೂತ ಎಲ್ಲರಿಗೂ ಗೊತ್ತಿರುತ್ತದೆ. ಗೊತ್ತಿಲ್ಲದವರ ಹಾಗೆ ಕಣ್ಣು ಮುಚ್ಚಿಕೊಳ್ಳುತ್ತೇವೆ.

ಆ ಭಾನುವಾರ ಮೂರನೇ ಚೀಟಿಯಲ್ಲಿ ಹೀಗಿತ್ತು: 'ನಮ್ಮ ತಂದೆಗೆ ಒಂದು ವಿಷಯ ಹೇಳಬೇಕು. ಅವರು ಸಿಗುತ್ತಿಲ್ಲ. ಸಿಗುವ ಹಾಗೆ ಪ್ರಾರ್ಥಿಸಿ.'

ಇವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಯಾವುದೋ ಮಗು ಬರೆದಿದೆ. ತಂದೆ ದೂರದಲ್ಲೆಲ್ಲೋ ದುಡೀತಾ ಇರಬಹುದು. ಮನೆ ಬಿಟ್ಟೇ ಹೋಗಿರಬಹುದು. ಆ ತಂದೆಯ ಕಲ್ಲು ಮನಸ್ಸನ್ನ ಕರ್ತನು ಮುಟ್ಟಲಿ" ಎಂದು ಏಳು ನಿಮಿಷ ಪ್ರಾರ್ಥಿಸಿದರು. ಯಾರ ಮೊಣಕಾಲಿಗೂ ಅಷ್ಟು ಹೊತ್ತು ಪ್ರಾರ್ಥಿಸಿದವರಲ್ಲ. ಸಭೆಯೆಲ್ಲ ಆಮೆನ್ ಅಂದಿತು. ನನ್ನ ಪಕ್ಕದಲ್ಲಿ ಕೂತಿದ್ದ ನಮ್ಮ ಮಗಳೂ ಆಮೆನ್ ಅಂದಳು, ಉಳಿದವರಿಗಿಂತ ಸ್ವಲ್ಪ ಜೋರಾಗಿ. ಎಂಟನೇ ಕ್ಲಾಸಿನ ಹುಡುಗಿ, ಸಭೆಯಲ್ಲಿ ಬಾಯಿ ಬಿಡುವವಳೇ ಅಲ್ಲ. ನಾನು ತಿರುಗಿ ನೋಡಿದೆ. ಅವಳು ಹಾಡಿನ ಪುಸ್ತಕ ನೋಡುತ್ತಿದ್ದಳು, ತಲೆಕೆಳಗಾಗಿ.

ಮಧ್ಯಾಹ್ನ ಊಟದ ಮೇಜಿನ ಮೇಲೆ ಆ ಚೀಟಿಯನ್ನು ಇವರ ತಟ್ಟೆಯ ಪಕ್ಕ ಇಟ್ಟೆ.

"ಇದು ಯಾರ ಅಕ್ಷರ ಹೇಳಿ ನೋಡೋಣ."

ಸಭೆಯ ನೂರಿಪ್ಪತ್ತು ಕುಟುಂಬಗಳ ಕೈಬರಹ ಇವರಿಗೆ ಗೊತ್ತು. ತಿರುಗಿಸಿ ಮುರುಗಿಸಿ ನೋಡಿ, "ಟೈಲರಕ್ಕನ ಮೊಮ್ಮಗಳದ್ದಾ?" ಅಂದರು.

"ನಿಮ್ಮ ಮಗಳದ್ದು."

ಚಮಚ ಕೈಯಲ್ಲೇ ಉಳಿಯಿತು. ನನಗೆ ಪಾಪ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಈ ಸಭೆಗೆ ಬಂದಾಗಿನ ನನ್ನ ಸಿಟ್ಟಿಗೆ ಹದಿನಾಲ್ಕು ವರ್ಷ ವಯಸ್ಸಾಗಿತ್ತು, ಮಗಳಿಗಿಂತ ಒಂದು ವರ್ಷ ದೊಡ್ಡದು. ಇವರು ಮಗಳನ್ನು ಕೂಗಿ ಕರೆದರು. ಪಕ್ಕದಲ್ಲಿ ಕೂರಿಸಿಕೊಂಡು, "ಏನು ವಿಷಯ ಹೇಳು ಮಗಳೇ" ಅಂದರು. ಅವಳು ಉಸಿರು ಎಳೆದುಕೊಂಡಳು. ಫೋನು ಬಂತು. ಯಾರಿಗೋ ಎದೆನೋವು. ಇವರು ಎದ್ದು ಹೋದರು. ಮಗಳು ಎಳೆದುಕೊಂಡ ಉಸಿರನ್ನು ಹಾಗೇ ಬಿಟ್ಟು, ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಎದೆನೋವು ಅಜೀರ್ಣ ಎಂದು ಸಂಜೆ ತಿಳಿಯಿತು.

ಅವತ್ತೇ ನಾನು ಪಟ್ಟು ಹಿಡಿದೆ. ವಾರಕ್ಕೆ ಒಂದು ದಿನ, ಸೋಮವಾರ, ಇವರು ಯಾರ ಪಾಸ್ಟರೂ ಅಲ್ಲ. ಇವರು ಒಪ್ಪಿದರು. ಆದರೆ ನಮ್ಮಲ್ಲಿ ಪಾಸ್ಟರು ಒಪ್ಪಿದರೆ ಆಗುವುದಿಲ್ಲ, ಸಮಿತಿ ಒಪ್ಪಬೇಕು.

ಸಮಿತಿಯ ಹಿರಿಯರು ಬೇಕರಿ ನಡೆಸುತ್ತಾರೆ. ಎಲ್ಲರೂ ಅವರನ್ನು ಬೇಕರಿಯಣ್ಣ ಅನ್ನುತ್ತಾರೆ. ಶುಕ್ರವಾರ ನಮ್ಮ ಮನೆಯ ಹಾಲಿನಲ್ಲೇ ಸಮಿತಿ ಕೂತಿತು. ದೇವರೇ ಏಳನೇ ದಿನ ವಿಶ್ರಮಿಸಿದ್ದನ್ನು ಇವರು ಮೆಲ್ಲಗೆ ನೆನಪಿಸಿದರು.

"ದೇವರು ಆರು ದಿನದಲ್ಲಿ ಲೋಕಾನೇ ಮುಗಿಸಿ ಆಮೇಲೆ ಕೂತ್ಕೊಂಡ್ರು ಪಾಸ್ಟರ್. ನಮ್ಮದು ಇನ್ನೂ ಕಾಂಪೌಂಡ್ ಗೋಡೆನೇ ಮುಗಿದಿಲ್ಲ" ಅಂದರು ಬೇಕರಿಯಣ್ಣ.

ನಾನು ಚಹಾ ಕೊಡುತ್ತಿದ್ದೆ. ಬಾಯಿ ಸುಮ್ಮನಿರಲಿಲ್ಲ. "ನಿಮ್ಮ ಬೇಕರಿ ಮಂಗಳವಾರ ಮುಚ್ಚಿರುತ್ತಲ್ಲ ಅಣ್ಣಾ?"

"ಅದು ಒಲೆ ಆರಬೇಕಲ್ಲಮ್ಮಾ, ಅದಕ್ಕೆ."

"ಇವರೂ ಒಂದು ದಿನ ಆರಲಿ ಬಿಡಿ."

ಸಮಿತಿ ಒಪ್ಪಿತು. ಉಳಿದದ್ದು ಸಭೆಯವರಿಗೆಲ್ಲ ತಿಳಿಸುವ ಕೆಲಸ. ಅದು ಕಾರ್ಯದರ್ಶಿಯದ್ದು. ಅವರು ನಿವೃತ್ತ ಮೇಷ್ಟ್ರು. 'ಸೋಮವಾರ ಪಾಸ್ಟರಿಗೆ ರಜೆ' ಎಂದು ಸಭೆಯ ವಾಟ್ಸಾಪ್ ಗ್ರೂಪಿಗೆ ಒಂದು ಸಾಲು ಹಾಕಿ ಅಂದೆ. ಮೇಷ್ಟ್ರ ಮುಖ ಹುಳಿಯಾಯಿತು.

"ರಜೆ ಅನ್ನೋದು ಸ್ಕೂಲಿಗಮ್ಮಾ. ಕರ್ತನ ಸೇವಕರಿಗೆ ರಜೆ ಅಂದ್ರೆ ಚೆನ್ನಾಗಿರುತ್ತಾ? ನಾನು ಗೌರವವಾಗಿ ಬರೀತೀನಿ, ನೀವು ಯೋಚನೆ ಮಾಡ್ಬೇಡಿ."

ನಾನು ಯೋಚನೆ ಮಾಡಬೇಕಿತ್ತು. ಮೂವತ್ತು ವರ್ಷದಿಂದ ಸಭೆಯ ಪ್ರಕಟಣೆಗಳನ್ನು ಬರೆಯುವುದು ಅವರೇ. ಅದರಲ್ಲಿ ಮದುವೆಯವು ಕಡಿಮೆ, ಸಾವಿನವು ಜಾಸ್ತಿ. ಅವರ ಕೈ ಆ ಕಡೆಗೇ ಪಳಗಿತ್ತು.

ಸೋಮವಾರ ಬೆಳಿಗ್ಗೆ ಇಬ್ಬರ ಫೋನನ್ನೂ ಆರಿಸಿ ಬಟ್ಟೆ ಕಪಾಟಿನೊಳಗಿಟ್ಟು ಬೀಗ ಹಾಕಿದೆ. ವಿಶ್ರಾಂತಿ ತೆಗೆದುಕೊಳ್ಳಲು ಇವರಿಗೆ ಬರುತ್ತಿರಲಿಲ್ಲ. ಒಂದು ಹಾಳೆಯಲ್ಲಿ ಎಂಟಕ್ಕೆ ತಿಂಡಿ, ಎಂಟೂವರೆಗೆ ಮೌನ, ಒಂಬತ್ತಕ್ಕೆ ಮಗಳು ಎಂದು ಆರಾಧನಾ ಕ್ರಮದ ಹಾಗೆ ಬರೆದುಕೊಂಡಿದ್ದರು. ಶಾಲೆಗೆ ಅವತ್ತು ರಜೆ ಇತ್ತು. ಎಂಟೂವರೆಗೆ ಇವರು ಮೌನಕ್ಕೆಂದು ಹಾಸಿಗೆಯ ಮೇಲೆ ಐದು ನಿಮಿಷ ಅಡ್ಡಾದರು. ಅಷ್ಟೇ, ಗೊರಕೆ ಕೂಡ ಹೊಡೆಯದೆ ನಿದ್ದೆಹೋದರು. ಬಿಳಿ ಹೊದಿಕೆ ಎದೆಯವರೆಗೆ, ಎರಡು ಕೈ ಅದರ ಮೇಲೆ ಜೋಡಿಸಿಕೊಂಡು. ಅವರು ಮಲಗುವುದೇ ಹಾಗೆ.

ಮಗಳು ಒಂಬತ್ತು ಗಂಟೆಗೆ ಸರಿಯಾಗಿ ಬಂದು ಬಾಗಿಲಲ್ಲಿ ನಿಂತಳು. ಎಬ್ಬಿಸಲಾ ಎಂದು ಕೇಳಿದೆ. "ಬೇಡ. ಎದ್ದ ಮೇಲೆ ಇಲ್ಲೇ ಇರ್ತಾರಲ್ಲ" ಅಂದಳು. ಹಾಲಿನಲ್ಲಿ ಕುರ್ಚಿ ಎಳೆದುಕೊಂಡು ಕಾಯುತ್ತ ಕೂತಳು. ಅವಳ ಮುಖದಲ್ಲಿ ಅಷ್ಟು ನೆಮ್ಮದಿ ನೋಡಿ ನನಗೆ ಹೊಟ್ಟೆ ತಣ್ಣಗಾಯಿತು.

ಹತ್ತು ಗಂಟೆಗೆ ಟೈಲರಕ್ಕ ಬಂದರು. ಕಣ್ಣು ಕೆಂಪಾಗಿ ಊದಿತ್ತು. ಕೈಯಲ್ಲಿ ಇವರ ಹೊಸ ಬಿಳಿ ನಿಲುವಂಗಿ. ಎರಡು ತಿಂಗಳಿನಿಂದ 'ನಾಳೆ, ನಾಳೆ' ಅನ್ನುತ್ತಿದ್ದ ನಿಲುವಂಗಿ.

"ಎಷ್ಟು ಹೊತ್ತಿಗೆ ಆಯ್ತಮ್ಮಾ?" ಅಂದರು.

"ಎಂಟೂವರೆಗೆ. ತಿಂಡಿ ತಿಂದು ಮಲಗಿದ್ರು, ಅಷ್ಟೇ."

"ಒದ್ದಾಡ್ಲಿಲ್ಲ ತಾನೇ?"

"ಏನಿಲ್ಲ. ತಲೆ ಇಟ್ಟ ತಕ್ಷಣ."

ಟೈಲರಕ್ಕ ಕೋಣೆಯ ಬಾಗಿಲಿಂದ ಇಣುಕಿ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡರು. "ಎಷ್ಟು ಶಾಂತವಾಗಿದೆ ಮುಖ. ನೀವೂ ಎಷ್ಟು ಧೈರ್ಯವಾಗಿದ್ದೀರಮ್ಮಾ!"

"ಇದಕ್ಕೋಸ್ಕರ ಹದಿನಾಲ್ಕು ವರ್ಷ ಕಾದಿದ್ದೀನಿ ಅಕ್ಕ."

ಅವರು ನನ್ನನ್ನು ನೋಡಿದ ನೋಟ ನನಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಬೇಕರಿಯಣ್ಣ ಒಂದು ಹೂವಿನ ಚಕ್ರ ಹಿಡಿದು ಬಂದರು. ಹಿಂದೆಯೇ ಸಭೆಯವರೆಲ್ಲ ಬಸ್ಸಿನ ತಮ್ಮ ಅನ್ನುವ ಡ್ರೈವರು, ಯೂನಿಫಾರ್ಮಿನಲ್ಲೇ. ಹೂವಿನ ಚಕ್ರ ಯಾಕೆ ಎಂದು ಕೇಳಿದೆ. ಬೇಕರಿಯಣ್ಣ ಜೇಬಿನಿಂದ ಫೋನು ತೆಗೆದು ನನ್ನ ಕೈಗೆ ಕೊಟ್ಟರು. ಮೇಷ್ಟ್ರು ಗೌರವವಾಗಿ ಬರೆದಿದ್ದರು:

'ಕರ್ತನಲ್ಲಿ ಪ್ರಿಯರೇ, ಹದಿನಾಲ್ಕು ವರ್ಷ ನಮ್ಮ ಮಧ್ಯೆ ಪ್ರಯಾಸಪಟ್ಟ ಪ್ರಿಯ ಪಾಸ್ಟರವರು ಇಂದು ಬೆಳಿಗ್ಗೆ ವಿಶ್ರಾಂತಿಗೆ ಸೇರಿದ್ದಾರೆಂದು ತಿಳಿಸುತ್ತೇವೆ. ಅವರನ್ನು ಫೋನಿನಲ್ಲಿ ಸಂಪರ್ಕಿಸಲಾಗುವುದಿಲ್ಲ. ಕುಟುಂಬದವರಿಗಾಗಿ ಪ್ರಾರ್ಥಿಸಿರಿ.'

ವಿಶ್ರಾಂತಿಗೆ ಸೇರಿದರು ಎಂದು ನಮ್ಮಲ್ಲಿ ಬರೆಯುವುದು ತೀರಿಕೊಂಡವರ ಬಗ್ಗೆ. ಶುಕ್ರವಾರ ಸ್ವತಃ ಕೈ ಎತ್ತಿ ರಜೆ ಒಪ್ಪಿದ್ದ ಬೇಕರಿಯಣ್ಣನೇ ಇದನ್ನು ಓದಿ ಹೂವು ಕೊಂಡಿದ್ದರು. ಅಷ್ಟು ಚೆನ್ನಾಗಿತ್ತು ಮೇಷ್ಟ್ರ ಶೈಲಿ. ಕೆಳಗೆ ಅರವತ್ತೆರಡು ಜನ ಅಳುವ ಚಿತ್ರ ಹಾಕಿದ್ದರು. ಜನರ ಪ್ರೀತಿ ಕಂಡ ಮೇಷ್ಟ್ರು ಪ್ರತಿಯೊಬ್ಬರಿಗೂ ಕೈಮುಗಿದಿದ್ದರು.

ನಾನು ಬಾಯಿ ತೆರೆದೆ. ಮಗಳು ಬಂದು ನನ್ನ ತೋಳು ಹಿಡಿದಳು. ಅವಳೂ ಓದಿದ್ದಳು.

"ಅಮ್ಮಾ, ಹೇಳ್ಬೇಡ" ಎಂದು ಕಿವಿಯಲ್ಲಿ ಅಂದಳು. "ಹೇಳಿದ್ರೆ ಎಬ್ಬಿಸಿ ಕರ್ಕೊಂಡು ಹೋಗ್ತಾರೆ."

ಹತ್ತು ನಿಮಿಷ ನಾನು ಸುಮ್ಮನಿದ್ದೆ. ಅದು ತಪ್ಪು. ಜನ ಅಳುತ್ತಿರುವಾಗ ಸುಮ್ಮನೆ ಕೂರುವುದು ಪಾಪ, ಅದಕ್ಕೆ ನಾನು ಯಾವ ಸಮರ್ಥನೆಯನ್ನೂ ಕೊಡುವುದಿಲ್ಲ. ಆದರೆ ಆ ಹಿಡಿತ ಬಿಡಿಸಿಕೊಳ್ಳಲು ನನ್ನಿಂದ ಆಗಲಿಲ್ಲ.

ಆ ಹತ್ತು ನಿಮಿಷದಲ್ಲಿ ಅವರೆಲ್ಲ ಇವರನ್ನು ಹೊಗಳಿದರು. ಬಸ್ಸಿನ ತಮ್ಮ ಹೇಳಿದ: "ನನ್ನ ಮಗನಿಗೆ ಈಜು ಕಲಿಸಿದ್ದು ಪಾಸ್ಟರೇ. ಮೂರು ತಿಂಗಳು, ಒಂದು ಶನಿವಾರಾನೂ ತಪ್ಪಿಸ್ಲಿಲ್ಲ." ನಮ್ಮ ಮಗಳಿಗೆ ಈಜು ಬರುವುದಿಲ್ಲ. ಟೈಲರಕ್ಕ ಹೇಳಿದರು: "ನನ್ನ ಮೊಮ್ಮಗಳು ಲೆಕ್ಕದಲ್ಲಿ ಪಾಸಾಗಿದ್ದು ಅವರ ದೆಸೆಯಿಂದ. ಹೆತ್ತಪ್ಪನ ಹಾಗೆ ಪಕ್ಕದಲ್ಲಿ ಕೂತು ಹೇಳಿಕೊಟ್ರು." ನಮ್ಮ ಮಗಳಿಗೆ ಲೆಕ್ಕದಲ್ಲಿ ಮೂವತ್ತೊಂದು. "ನನ್ನ ಹೆಂಡ್ತಿ ಆಸ್ಪತ್ರೇಲಿದ್ದಾಗ ನಾಲ್ಕು ದಿನ ಮನೆಗೇ ಹೋಗ್ಲಿಲ್ಲ ಆ ಮನುಷ್ಯ" ಎಂದು ಬೇಕರಿಯಣ್ಣ ಗಳಗಳನೆ ಅತ್ತರು. ಹೌದು, ಹೋಗಿರಲಿಲ್ಲ. ನನಗೂ ನೆನಪಿದೆ, ಅದು ನಮ್ಮ ಮನೆ.

ಅವರು ಒಂದೂ ಸುಳ್ಳು ಹೇಳಲಿಲ್ಲ, ಅದೇ ಕಷ್ಟ. ಇಷ್ಟು ಒಳ್ಳೆಯ ಮನುಷ್ಯನನ್ನು ಕಟ್ಟಿಕೊಂಡೆನಲ್ಲ ಎಂದು ಹೆಮ್ಮೆಯೂ ಆಯಿತು, ಹೋಗಿ ಜುಟ್ಟು ಹಿಡಿದು ಎಬ್ಬಿಸೋಣ ಎಂದೂ ಅನ್ನಿಸಿತು. ಮಗಳು ಮಾತ್ರ ಒಬ್ಬೊಬ್ಬರ ಮುಖವನ್ನೂ ಗಮನವಿಟ್ಟು ನೋಡುತ್ತಿದ್ದಳು, ಪಾಠ ಕೇಳುವವಳ ಹಾಗೆ.

ಬೇಕರಿಯಣ್ಣನ ಅಳು ಗಟ್ಟಿಯಾಯಿತು. ಅಳುವ ಸದ್ದು ಕೇಳಿದರೆ ಇವರಿಗೆ ಎಂಥ ನಿದ್ದೆಯಲ್ಲೂ ಎಚ್ಚರವಾಗುತ್ತದೆ. ಕೋಣೆಯ ಬಾಗಿಲಿಗೆ ಬಂದು ನಿಂತರು. ಮೈಮೇಲೆ ಬನಿಯನ್, ಕೆನ್ನೆಯ ಮೇಲೆ ದಿಂಬಿನ ಗೆರೆ.

"ಏನು, ಎಲ್ರೂ ಬಂದಿದ್ದೀರಾ? ಯಾರು ತೀರಿಕೊಂಡ್ರು?" ಅಂದರು.

ಟೈಲರಕ್ಕ ಗೋಡೆ ಹಿಡಿದುಕೊಂಡರು. ನಾನು ಎರಡು ಮಾತಿನಲ್ಲಿ ವಿಷಯ ಹೇಳಿ, ಕ್ಷಮೆ ಕೇಳಿದೆ. ಮೊದಲು ಚೇತರಿಸಿಕೊಂಡವರು ಬೇಕರಿಯಣ್ಣ.

"ಇದ್ದೀರಲ್ಲ, ದೇವರಿಗೆ ಸ್ತೋತ್ರ! ಹೇಗೂ ಎದ್ದಿದ್ದೀರಿ ಪಾಸ್ಟರ್, ಗೋಡೆ ಕಟ್ಟೋ ಮೇಸ್ತ್ರಿ ಇವತ್ತೇ ಬರ್ತಾನಂತೆ. ಒಂದು ಹೆಜ್ಜೆ ಬಂದು ಹೋಗಿ."

"ನಮ್ಮಮ್ಮಂಗೆ ನೀವು ಹೋದ್ರಿ ಅಂತ ಕೇಳಿ ಬಿಪಿ ಏರಿದೆ. ನೀವೇ ಬಂದು ಮುಖ ತೋರಿಸಿದ್ರೆ ಇಳಿಯುತ್ತೆ" ಅಂದ ಬಸ್ಸಿನ ತಮ್ಮ.

ಇವರು ಅಂಗಿ ಹಾಕಿಕೊಂಡರು. ಬೈಬಲ್ ಇರುವ ಚೀಲ ಮೊಳೆಯಿಂದ ತೆಗೆದು ಹೆಗಲಿಗೆ ಏರಿಸಿದರು. ಅಲ್ಲಿಗೆ ಸೋಮವಾರ ಮುಗಿಯಿತು ಅಂದುಕೊಂಡೆ.

ಹಾಲಿನ ಮೂಲೆಯಲ್ಲಿ ಇವರ ಮೇಜು ಇದೆ. ಅದರ ಎದುರು ಒಂದು ಕುರ್ಚಿ, ಕಷ್ಟ ಸುಖ ಹೇಳಿಕೊಳ್ಳಲು ಬಂದವರಿಗೆ. ಮನೆಯವರು ಯಾರೂ ಅದರ ಮೇಲೆ ಕೂರುವುದಿಲ್ಲ. ಮಗಳು ಹೋಗಿ ಅದರ ಮೇಲೆ ಕೂತಳು. ಕೈ ಕಟ್ಟಿ, ಬಂದವರು ಕೂರುವ ಹಾಗೆಯೇ, ಕುರ್ಚಿಯ ತುದಿಯಲ್ಲಿ.

ಇವರ ಕಾಲುಗಳು ತಾವಾಗಿಯೇ ಆ ಕಡೆ ಹೋದವು. ಆ ಕುರ್ಚಿ ತುಂಬಿದ್ದರೆ ಇವರು ದಾಟಿ ಹೋದದ್ದೇ ಇಲ್ಲ. ಎದುರು ಕೂತು, ಸ್ವಲ್ಪ ಮುಂದೆ ಬಾಗಿ, ಹದಿನಾಲ್ಕು ವರ್ಷದ ಅಭ್ಯಾಸದಿಂದ ಮೃದುವಾಗಿ ಕೇಳಿದರು:

"ಹೇಳಮ್ಮಾ, ಮನೇಲಿ ಎಲ್ರೂ ಹೇಗಿದ್ದಾರೆ?"

"ಚೆನ್ನಾಗಿದ್ದಾರೆ ಪಾಸ್ಟರ್" ಅಂದಳು ಮಗಳು.

ಕೊಂಕಿನಿಂದ ಹೇಳಿದ್ದಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಅಷ್ಟೇ. ಇವರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಚೀಲ ನೆಲಕ್ಕೆ ಇಳಿದ ಸದ್ದು ಮಾತ್ರ ಕೇಳಿಸಿತು. ಆಮೇಲೆ ಟೈಲರಕ್ಕ ನಿಲುವಂಗಿಯನ್ನು ಮಡಚಿ ಇನ್ನೊಂದು ಕುರ್ಚಿಯ ಮೇಲಿಟ್ಟು, ಬೇಕರಿಯಣ್ಣನ ತೋಳು ಹಿಡಿದು ಎಳೆದರು.

"ನಡೀರಿ ಅಣ್ಣಾ. ಪಾಸ್ಟರ್ ಇವತ್ತು ಇಲ್ಲ."

"ಮೇಸ್ತ್ರಿ..."

"ಇಲ್ಲ ಅಂದೆನಲ್ಲ."

ಮೂವರೂ ಹೋದರು. ಹೂವಿನ ಚಕ್ರ ಬಿಟ್ಟು ಹೋಗುವುದೋ ತೆಗೆದುಕೊಂಡು ಹೋಗುವುದೋ ತಿಳಿಯದೆ ಬೇಕರಿಯಣ್ಣ ಗೇಟಿನವರೆಗೆ ಹೋಗಿ ವಾಪಸ್ ಬಂದು, ಮತ್ತೆ ಎತ್ತಿಕೊಂಡೇ ಹೋದರು. ಮೇಷ್ಟ್ರಿಗೂ ಸುದ್ದಿ ಮುಟ್ಟಿತಂತೆ. ಅವರು ತಕ್ಷಣ ತಿದ್ದುಪಡಿ ಹಾಕಿದರು ಎಂದು ಮರುದಿನ ಗೊತ್ತಾಯಿತು: 'ಪಾಸ್ಟರವರು ಎದ್ದಿದ್ದಾರೆ. ಆಮೆನ್.' ಅದಕ್ಕೆ ಬಂದ ಉತ್ತರಗಳನ್ನು ನಾನು ಇಲ್ಲಿ ಬರೆಯುವುದಿಲ್ಲ.

ಇವರು ಎದ್ದು ಹೋಗಿ ಬಾಗಿಲ ಚಿಲಕ ಹಾಕಿ ಬಂದರು. ಮೇಜಿನ ಆ ಕಡೆಗೆ ಹೋಗಲಿಲ್ಲ. ಮಗಳ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತರು. ಕಣ್ಣು ಒದ್ದೆಯಾಗಿತ್ತು. ಒರೆಸಿಕೊಳ್ಳಲೂ ಇಲ್ಲ.

"ನಾನು, ಅಪ್ಪ" ಅಂದರು, ಯಾರಿಗೋ ಪರಿಚಯ ಮಾಡಿಕೊಳ್ಳುವವರ ಹಾಗೆ. "ಏನು ಹೇಳ್ಬೇಕಿತ್ತು, ಹೇಳು ಮಗಳೇ."

ಅವಳು ನನ್ನ ಕಡೆ ನೋಡಿದಳು, ಮುಚ್ಚಿದ ಬಾಗಿಲಿನ ಕಡೆ ನೋಡಿದಳು.

"ಮೊದಲಿಂದ ಹೇಳ್ಲಾ ಅಪ್ಪ?"

"ಮೊದಲಿಂದಲೇ ಹೇಳು."

ಚೀಟಿಯಲ್ಲಿದ್ದದ್ದು ಯಾವ ವಿಷಯವೋ ಎಂದು ನಾನೂ ಬಂದು ಕೂತೆ. ಈಗಿನ ಶಾಲೆಯದ್ದೋ, ಗೆಳತಿಯರದ್ದೋ, ಆ ಮೂವತ್ತೊಂದು ಅಂಕದ್ದೋ ಇರಬೇಕು ಅಂದುಕೊಂಡಿದ್ದೆ. ಮಗಳು ಗಂಟಲು ಸರಿಮಾಡಿಕೊಂಡು, ಎರಡನೇ ಕ್ಲಾಸಿನಿಂದ ಶುರು ಮಾಡಿದಳು.