ಆವಲಪ್ಪನವರೂ ಗೋಧಿಯ ಮೊಳಕೆಯೂ

ಆವಲಪ್ಪನವರು ಯಾವ ಪಾತ್ರೆಯನ್ನೇ ಆಗಲಿ, ಮೊದಲು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ಕಿವಿಯನ್ನು ಅದರ ಬಳಿಗೆ ಬಾಗಿಸಿ, ಅದು ಕೊಟ್ಟ ಉತ್ತರದಿಂದ ಸಮಾಧಾನವಾದ ಮೇಲಲ್ಲದೆ ಮುಟ್ಟುತ್ತಿರಲಿಲ್ಲ. ನೀರಿನ ಹಂಡೆ, ರಾಗಿಯ ವಾಡೆ, ಸಂತೆಯ ಕುಂಬಳಕಾಯಿ, ಕೊನೆಗೆ ಗಬ್ಬದ ಹಸುವಿನ ಹೊಟ್ಟೆ, ಎಲ್ಲಕ್ಕೂ ಅದೇ ಎರಡು ಏಟು. ನಾನು ಸಮೇತನಹಳ್ಳಿಯ ಶಾಲೆಗೆ ಉಪಾಧ್ಯಾಯನಾಗಿ ಬಂದು ಅವರ ಮನೆಯ ಹೊರಕೋಣೆಯಲ್ಲಿ ಜಾಗ ಕೇಳಿದ ದಿನ ನನ್ನ ತಗಡಿನ ಟ್ರಂಕನ್ನೂ ತಟ್ಟಿ ನೋಡಿ, "ಅರ್ಧ ಖಾಲಿ ಐತೆ. ಜಗಳಗಂಟ ಅಲ್ಲ, ಬನ್ನಿ ಮೇಷ್ಟ್ರೇ" ಎಂದು ಒಳಗೆ ಕರೆದರು. ಅರ್ಧ ಖಾಲಿ ಟ್ರಂಕಿಗೂ ಜಗಳಕ್ಕೂ ಏನು ಸಂಬಂಧವೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಆಗ ಅವರಿಗೆ ಅರವತ್ತರ ಆಸುಪಾಸು. ಸಣಕಲು ದೇಹ, ಅದಕ್ಕೆ ಹೊಂದದ ದಪ್ಪ ಮುಂಗೈ. ನಡೆಯುವಾಗ ಸೊಂಟವನ್ನು ತುಸು ಬಗ್ಗಿಸಿ, ಎರಡೂ ಅಂಗೈಗಳನ್ನು ಮುಂದಕ್ಕೆ ಚಾಚಿ, ಎದುರಿಗೆ ಯಾವುದೋ ಭಾರವನ್ನು ಮೆಲ್ಲಗೆ ಉರುಳಿಸಿಕೊಂಡು ಹೋಗುವವರಂತೆ ಹೋಗುತ್ತಿದ್ದರು. ಬೇಸಗೆಯ ಮಟಮಟ ಮಧ್ಯಾಹ್ನದಲ್ಲೂ ಮೈಮೇಲೆ ಒಂದು ಖಾಕಿ ಕೋಟು; ಅದರ ಹಿತ್ತಾಳೆ ಗುಂಡಿಗಳನ್ನು ಸೋಮವಾರಕ್ಕೊಮ್ಮೆ ಹುಣಿಸೆಹಣ್ಣು ಹಚ್ಚಿ ಉಜ್ಜುವುದು ಅವರ ಪಾಲಿಗೆ ದೇವರ ಪೂಜೆಗಿಂತ ತಪ್ಪದ ವ್ರತ. ಬೆಂಗಳೂರಿನ ಒಂದು ಬಿಯರ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದು, ಕೆಲಸ ಬಿಟ್ಟು ಬರುವಾಗ ತೊಟ್ಟುಕೊಂಡೇ ಬಂದ ಕೋಟು ಅದು. ಊರಿನವರು ಅವರನ್ನು ಕರೆಯುತ್ತಿದ್ದುದೇ ಬಿಯರ್ ಮೇಸ್ತ್ರಿ ಎಂದು. ಯಾರು ಯಾವ ಕೆಲಸಕ್ಕೆ ಕೈಯಿಟ್ಟರೂ, ಅದು ಗೊಬ್ಬರದ ಗುಂಡಿಯಾಗಲಿ ಬೀಗರ ಊಟವಾಗಲಿ, ದೂರದಿಂದಲೇ ಅವರ ಧ್ವನಿ ಕೇಳಿಸುತ್ತಿತ್ತು: "ಹಂಗಲ್ಲ ಕಣಪ್ಪಾ. ಅದಕ್ಕೊಂದು ಪದ್ಧತಿ ಐತೆ!"

ಜಗಲಿಯ ಮೇಲೆ ಕೂತರೆ ಕಾರ್ಖಾನೆಯ ಕಥೆಗಳು. ಫಿಲಿಪ್ಸ್ ದೊರೆಯೆಂಬ ಮುಖ್ಯಾಧಿಕಾರಿ ಬಿಯರನ್ನು ಬಾಯಿಗಿಟ್ಟು, ಕಣ್ಣುಮುಚ್ಚಿ, "ಆವಲಪ್ಪಾ, ನೀನೇನಂತೀಯ?" ಎಂದು ಕೇಳುತ್ತಿದ್ದರಂತೆ, ಇವರು ತಲೆದೂಗಿದರೆ ಬಿಯರು ದಂಡಿನ ಪ್ರದೇಶಕ್ಕೆ ಹೊರಡುತ್ತಿತ್ತಂತೆ, ಇಲ್ಲದಿದ್ದರೆ ಮೋರಿಗೆ. ವಿಚಿತ್ರವೆಂದರೆ ಈ ಮಹಾನುಭಾವರು ಸ್ವತಃ ಹಬ್ಬಕ್ಕೊಂದು ಗುಟುಕು ಹೆಂಡವನ್ನೂ ಮೂಗು ಮುರಿಯದೆ ಕುಡಿದವರಲ್ಲ. ಅವರ ಪತ್ನಿ ಮುನಿವೆಂಕಟಮ್ಮನವರು ಈ ಕಥೆಗಳು ನಡೆಯುವಾಗ ಮೊರದಲ್ಲಿ ರಾಗಿ ಕೇರುತ್ತ ಕೂತಿರುತ್ತಿದ್ದರು. ಹೌದೆಂದೂ ಅನ್ನರು, ಅಲ್ಲವೆಂದೂ ಅನ್ನರು. ಮೊರದ ಸದ್ದು ಮಾತ್ರ ಕೆಲವು ಕಡೆ ಸ್ವಲ್ಪ ಜೋರಾಗುತ್ತಿತ್ತು.

ಆಗ ಯುದ್ಧದ ಕಾಲ. ರಾಗಿಗೆ ತತ್ವಾರ ಬಂದು, ರಾಗಿ ತಿಂದೇ ಬೆಳೆದ ಜನಕ್ಕೆ ಗೋಧಿ ಹಂಚುತ್ತಿದ್ದರು. ಊರಿಗೆ ಅದನ್ನೇನು ಮಾಡಬೇಕೆಂದು ತಿಳಿಯದು. ಎದುರುಮನೆಯ ಗಂಗಣ್ಣ ಗೋಧಿಹಿಟ್ಟಿನಲ್ಲಿ ಮುದ್ದೆ ತೊಳಸಲು ಹೋಗಿ, ಅದು ಕೋಲನ್ನು ಹಿಡಿದದ್ದು ಬಿಡದೆ, ಕೋಲಿನ ಸಮೇತ ತಂದು ಊರಿಗೆಲ್ಲ ತೋರಿಸಿಕೊಂಡು ಹೋಗಿದ್ದ.

ಆ ವರ್ಷದ ಸಂಕ್ರಾಂತಿಗೆ ಆವಲಪ್ಪನವರು ಪ್ರತಿವರ್ಷದ ವಾಡಿಕೆಯಂತೆ ಒಂದು ಚೀಲ ಸೊಗಡು ಅವರೆಕಾಯಿ ಹೊತ್ತು ವೈಟ್‌ಫೀಲ್ಡಿಗೆ ಹೋದರು. ಫಿಲಿಪ್ಸ್ ದೊರೆ ಕೆಲಸದಿಂದ ನಿವೃತ್ತರಾಗಿ ಅಲ್ಲೊಂದು ಹೆಂಚಿನ ಮನೆಯಲ್ಲಿದ್ದರು. ಮುದುಕರಿಗೆ ಕಾಯಿಲೆ, ನಾಲಗೆ ಕೆಟ್ಟಿತ್ತು, ಪೇಟೆಯ ಬಿಯರೆಲ್ಲ ಸಿಪಾಯಿಗಳ ಪಾಲಾಗುತ್ತಿತ್ತು. ಬಾಲ್ಯದಲ್ಲಿ ಅಜ್ಜಿಯ ಮನೆಯಲ್ಲಿ ಕಂಡ ಗೋಧಿ ಬಿಯರಿನ ರುಚಿಯನ್ನು ನೆನೆದು, "ಸಾಯೋದರೊಳಗೆ ಒಂದು ಗ್ಲಾಸು ಸಿಕ್ಕಿದ್ದರೆ" ಅಂದರಂತೆ. ಇವರು ತಡೆಯಲಾರದೆ, "ಯುಗಾದಿಗೆ ತಂದ್ಕೊಡ್ತೀನಿ ಬುದ್ಧಿ" ಎಂದುಬಿಟ್ಟರು. ದೊರೆ ಒಂದು ಕ್ಷಣ ಇವರ ಮುಖವನ್ನೇ ನೋಡಿ, ಒಳಗಿನಿಂದ ಹಾಪ್ಸ್ ಎಂಬ ಕಹಿ ಹೂವಿನ ಪೊಟ್ಟಣವೊಂದನ್ನು ತರಿಸಿ ಕೈಗಿಟ್ಟರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಊರಿಗೆ ಬರುವ ಹೊತ್ತಿಗೆ ಸುದ್ದಿ ಅವರಿಗಿಂತ ಮುಂದೆ ಬಂದಿತ್ತು, ಏಕೆಂದರೆ ದಾರಿಯುದ್ದಕ್ಕೂ ಸಿಕ್ಕಿದವರಿಗೆಲ್ಲ ಅವರೇ ಹೇಳಿಕೊಂಡು ಬಂದಿದ್ದರು. ಇನ್ನು ಒಂದು ಗ್ಲಾಸು ಬಿಯರಿನ ವಿಚಾರವಾಗಿ ಅದು ಉಳಿಯಲಿಲ್ಲ; ಊರಿಗೆ ಮರಳಿದಾಗಿನಿಂದ ಹದಿನಾಲ್ಕು ವರ್ಷ ಮೇಸ್ತ್ರಿಯೆಂದು ತಲೆಯೆತ್ತಿ ನಡೆದ ಮನುಷ್ಯನ ಮಾತೇ ಒರೆಗೆ ಬಿದ್ದಿತ್ತು.

ಕೆಲಸ ಹಿತ್ತಿಲಲ್ಲಿ ನಡೆಯಿತು. ನಾಲ್ಕು ಸೇರು ಗೋಧಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಹುರಿಯುವ ಓಡಿನಲ್ಲಿ ಕೆಂಪಗೆ ಘಮ್ಮೆನ್ನುವಂತೆ ಹುರಿದು, ಒಡೆದು, ಬಿಸಿನೀರಿನಲ್ಲಿ ಕಲಸಿ, ಸೋಸಿ, ಹೂವು ಹಾಕಿ ಕುದಿಸಿ ಆರಿಸಿದರು. ಹುಳಿ ಬರಿಸಲು ಈಚಲು ಹೆಂಡದ ಗಸಿ. ಗಡಿಗೆಯನ್ನು ದಿನಕ್ಕೆ ಹತ್ತು ಸಲ ತಟ್ಟುವುದು, ಕಿವಿಗೊಡುವುದು. ಚಳಿ ಶಿವಶಿವಾ ಎಂದು ಹೊರಟ ಶಿವರಾತ್ರಿಯ ಮಾರನೆಯ ದಿನ ಊರಿನ ನಾಲ್ಕು ಜನರನ್ನು ಕರೆದು, ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ಲೋಟಗಳಿಗೆ ಸುರಿದರು. ಗಂಗಣ್ಣ ಒಂದು ಗುಟುಕು ಕುಡಿದ. ಇನ್ನೊಂದು ಕುಡಿದ. ಆಮೇಲೆ ಬಹಳ ವಿನಯದಿಂದ ಹೇಳಿದ:

"ಆವಲಪ್ಪಣ್ಣ, ಬೇಜಾರು ಮಾಡ್ಕೋಬೇಡ. ನಮ್ಮೆಮ್ಮೆ ಕಲಗಚ್ಚಿಗೆ ಇದಕ್ಕಿಂತ ಜೋರೈತೆ."

ಎಲ್ಲರೂ ನಕ್ಕರು. ನಾನೂ ನಕ್ಕೆನೆಂದು ಹೇಳಲು ಇಂದಿಗೂ ನಾಚಿಕೆಯಾಗುತ್ತದೆ. ಲೋಟದಲ್ಲಿದ್ದದ್ದು ತೆಳ್ಳನೆಯ, ಕಹಿಯಾದ, ನೊರೆಯಿಲ್ಲದ ಬಿಸಿಲುಬಣ್ಣದ ನೀರು. ಅದನ್ನು ಕುಡಿದು ಮತ್ತೇರುವುದಿರಲಿ, ತೇಗು ಬಂದರೂ ಪುಣ್ಯ.

ಮುಂದಿನ ಒಂದು ವಾರ ಆವಲಪ್ಪನವರು ಅಪರಾಧಿಯನ್ನು ಹುಡುಕುವುದರಲ್ಲಿ ಕಳೆದರು. ಮೊದಲು ಹೆಂಡದ ಗಸಿಯ ಮೇಲೆ ಅನುಮಾನ. ಅನುಗೊಂಡನಹಳ್ಳಿಯ ಕಡೆಯಿಂದ ಬೇರೆ ಗಸಿ ತಂದು ಉಳಿದ ಅರ್ಧ ಗಡಿಗೆಗೆ ಹಾಕಿದರು. ಅದು ಹಾಗೇ ಮಲಗಿತ್ತು. ಆಮೇಲೆ ಬಾವಿಯ ನೀರು. ಆಮೇಲೆ ಹಳೆಯ ಹೂವು. ನಾನು ಓದಿದವನ ಗತ್ತಿನಲ್ಲಿ, ಇನ್ನೂ ನಾಲ್ಕು ದಿನ ಬಿಟ್ಟರೆ ಸರಿಹೋದೀತು ಎಂದೆ. ಬಿಟ್ಟರು. ಹುಳಿಯಾಯಿತು. ಎರಡು ಅಚ್ಚು ಬೆಲ್ಲ ಹಾಕಿದರೆ ತಾನೇ ಜೋರು ಬರುತ್ತದೆಂದು ಗಂಗಣ್ಣ ಸಲಹೆ ಕೊಟ್ಟಾಗ ಮಾತ್ರ ಅವರು ಕೆರಳಿದರು. "ಬೆಲ್ಲ ಹಾಕಿದ್ಮೇಲೆ ಅದು ಬಿಯರ್ ಏನೋ? ಅದಕ್ಕೊಂದು ಪದ್ಧತಿ ಐತೆ!" ಎಂದರು, ಆದರೆ ಆ ಮಾತಿನಲ್ಲಿ ಹಿಂದಿನ ಗಂಟಲಿರಲಿಲ್ಲ. ಅಂದು ಸಂಜೆ ಅವರು ಕೋಟು ಬಿಚ್ಚಿ ಗೂಟಕ್ಕೆ ಹಾಕಿ ಬರಿಮೈಯಲ್ಲಿ ಕೂತಿದ್ದರು.

ಮೊರ ಕೆಳಗಿಟ್ಟು ಮುನಿವೆಂಕಟಮ್ಮನವರು ಮಾತಾಡಿದ್ದು ಆಗಲೇ.

"ಸೋಸಿದ ನೀರು ಸಿಹಿ ಇತ್ತಾ?"

"ಯಾವ ನೀರು?"

"ಹೂವ ಹಾಕೋಕ್ ಮುಂಚೆ. ಗೋಧಿ ಕಲಸಿದ್ ನೀರು."

ಆವಲಪ್ಪನವರು ನನ್ನ ಕಡೆ ನೋಡಿದರು, ಗಡಿಗೆಯ ಕಡೆ ನೋಡಿದರು. ಸೋಸಿದ ನೀರಿನ ರುಚಿಯನ್ನು ಅವರು ನೋಡಿರಲೇ ಇಲ್ಲ.

"ಸಿಹಿನೇ ಇಲ್ದಿದ್ರೆ ಹೆಂಡದ ಗಸಿ ಏನ್ ತಿಂದು ಉಬ್ಬೀತು?" ಎಂದರು ಆಕೆ. "ಮೊಳಕೇನ ಹುರಿದುಬಿಟ್ರಿ. ದೊಡ್ಡೋರು ತಿನ್ನೋ ಹಿಟ್ಟಿಗೆ ಹುರೀತೀವಿ, ಘಮ ಬರ್ಲಿ ಅಂತ. ಹಸುಗೂಸಿನ ಗಂಜಿಗೆ ಹುರೀತೀವಾ? ನೆಳ್ಳಲ್ಲಿ ಒಣಗಿಸಿ ಬೀಸ್ತೀವಿ. ಹುರಿದ ಹಿಟ್ಟಿನ ಗಂಜಿ ಗಟ್ಟಿಯಾಗಿ ಕೂತ್ಕತದೆ. ಹಸಿ ಮೊಳಕೆ ಹಿಟ್ಟಿಂದು ನೋಡ್ತಾ ನೋಡ್ತಾ ನೀರಾಗ್ತದೆ, ಸಿಹಿ ಬಿಡ್ತದೆ. ಮೊಳಕೇಲಿ ಜೀವ ಇರ್ತದೆ. ಓಡಿನ ಮೇಲೆ ಹಾಕಿ ಸುಟ್ರೆ ಎಲ್ಲಿ ಉಳೀತದೆ?"

ಆರು ಮಕ್ಕಳಿಗೆ ಗಂಜಿ ಕುಡಿಸಿದ ಆ ಕೈಯ ತಿಳಿವಳಿಕೆಯ ಮುಂದೆ ನನ್ನ ಇಂಟರ್‌ಮೀಡಿಯೆಟ್ ವಿಜ್ಞಾನ ಬಾಯಿ ಮುಚ್ಚಿ ಕೂತಿತು. ಆವಲಪ್ಪನವರು, "ಕಾರ್ಖಾನೇಲಿ ಹುರಿಯೋ ವಾಸನೆ ಬರ್ತಿತ್ತು ಕಣೇ" ಎಂದು ಮೆಲ್ಲಗೆ ಹೇಳಿದರು. ಇಪ್ಪತ್ತೆರಡು ವರ್ಷ ಅಲ್ಲೇ ಇದ್ದವರು ವಾಸನೆಯನ್ನು ಹಿಡಿದು ಮಾತಾಡುತ್ತಾರಲ್ಲ ಎಂದು ನನಗೆ ಒಂದು ಕ್ಷಣ ಅನಿಸಿ, ಮರೆತುಹೋಯಿತು.

ಎರಡನೆಯ ಸಲ ಮೊಳಕೆಯ ಯಜಮಾನಿಕೆ ಆಕೆಯದು. ಮೊಳಕೆ ಕಾಳಿನಷ್ಟೇ ಉದ್ದವಾದ ಕೂಡಲೆ ತೆಗೆದು, ಮನೆಯೊಳಗಿನ ನೆರಳಿನಲ್ಲಿ ಸೀರೆಯ ಮೇಲೆ ಹರಡಿ ಒಣಗಿಸಿದರು. ನೀರು ಕುದಿಯಬಾರದು, ಬೆರಳು ಅದ್ದಿದರೆ ಹಾ ಎಂದು ಎಳೆದುಕೊಳ್ಳುವಷ್ಟೇ ಬಿಸಿಯಿರಬೇಕು. ಕಲಸಿದ ಹಂಡೆಗೆ ಕಂಬಳಿ ಹೊದಿಸಿ, ಬಾಣಂತಿಯನ್ನು ಕಾಯುವಂತೆ ಮುಕ್ಕಾಲು ಮಧ್ಯಾಹ್ನ ಕಾದರು. ಕಂಬಳಿ ತೆಗೆದಾಗ ಹಿಟ್ಟಿನ ಗಂಜಿ ತಿಳಿನೀರಾಗಿತ್ತು. ಹೆಂಡವೆಂದರೆ ಮೂಗಿಗೆ ಸೆರಗು ಮುಚ್ಚಿಕೊಳ್ಳುವ ಮುನಿವೆಂಕಟಮ್ಮನವರು, "ಇದಿನ್ನೂ ಪಾನಕ" ಎಂದು ತಮಗೆ ತಾವೇ ಅಪ್ಪಣೆ ಕೊಟ್ಟುಕೊಂಡು ಬೆರಳ ತುದಿಯಲ್ಲಿ ನೆಕ್ಕಿ ನೋಡಿ, ಗಂಡನ ಕಡೆಗೆ ತಲೆದೂಗಿದರು. ಮುಂದೆ ಉಳಿದ ಹೂವು ಹಾಕಿ ಕುದಿಸಿ, ಆರಿಸಿ, ಗಡಿಗೆಗೆ ಹೆಂಡದ ಗಸಿ ಬೆರೆಸಿದ್ದು ಹಿಂದಿನಂತೆಯೇ. ಮರುದಿನ ಗಡಿಗೆ ತಟ್ಟಿದ ಆವಲಪ್ಪನವರು ಓಡಿಬಂದು ನನ್ನನ್ನು ಶಾಲೆಯಿಂದಲೇ ಎಳೆದೊಯ್ದರು. ಒಳಗಿನಿಂದ ಗೊಜಗೊಜವೆಂಬ ಸದ್ದು ಬರುತ್ತಿತ್ತು. ನೊರೆ ಬಟ್ಟೆಯನ್ನೇ ಎತ್ತಿತ್ತು.

ಯುಗಾದಿಯ ಬೆಳಗ್ಗೆ ಆರು ಸೀಸೆಗಳನ್ನು ಹುಲ್ಲಿನಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟು, ನನ್ನನ್ನು ಜೊತೆಗೆ ಕರೆದುಕೊಂಡು ವೈಟ್‌ಫೀಲ್ಡಿಗೆ ನಡೆದರು. ಸಾಕ್ಷಿಗೆ ಒಬ್ಬ ಓದಿದವನಿರಲಿ ಎಂದು. ದೊರೆ ಬೆತ್ತದ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದರು. ಸೀಸೆಯ ಬಿರಡೆ ಟಪ್ಪೆಂದು ಹಾರಿತು. ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿ, ಮೂಸಿ, ಕುಡಿದು, ಕಣ್ಣುಮುಚ್ಚಿದರು. ಕಣ್ಣು ತೆರೆಯದೆಯೇ ಕಾರ್ಖಾನೆಯ ಕನ್ನಡದಲ್ಲಿ ಕೇಳಿದರು:

"ಆವಲಪ್ಪ, ನೀನು ಪೀಪಾಯಿ ತೊಳೆಯೋನು. ಇಪ್ಪತ್ತೆರಡು ವರ್ಷ ಪೀಪಾಯಿ ತೊಳೆದೆ, ಉರುಳಿಸಿದೆ. ಒಳಗೆ ಬಂದೇ ಇಲ್ಲ. ಇದರ ಮೊಳಕೆ ಯಾರು ಮಾಡಿದ್ದು?"

ನನಗೆ ಆ ನಡಿಗೆ, ಆ ಮುಂಗೈ, ಸೀಳಿದೆಯೋ ಎಂದು ಪೀಪಾಯಿಯನ್ನು ತಟ್ಟಿ ನೋಡುವ ಆ ಗೆಣ್ಣು, ಎಲ್ಲ ಒಟ್ಟಿಗೆ ಅರ್ಥವಾಯಿತು. ಆವಲಪ್ಪನವರ ಮುಖ ನೋಡಲಾಗದೆ ಬುಟ್ಟಿಯ ಹುಲ್ಲನ್ನು ನೋಡುತ್ತ ನಿಂತೆ. ಅವರು ಹೌದು ಬುದ್ಧಿ, ನಾನೇ ಎಂದಿದ್ದರೆ ಆ ಮನೆಯಲ್ಲಿ ಅಲ್ಲಗಳೆಯುವವರು ಯಾರೂ ಇರಲಿಲ್ಲ.

"ನಮ್ಮನೆಯೋಳು ಬುದ್ಧಿ," ಎಂದರು. "ಮುನಿವೆಂಕಟಮ್ಮ ಅಂತ. ನಾನು ಮಾಡಿದ್ದು ಕೆಟ್ಟೋಯ್ತು."

ದೊರೆ ಇನ್ನೊಂದು ಗ್ಲಾಸು ಸುರಿಯಲು ಹೇಳಿದರು. ಅದನ್ನು ಮುಗಿಸಿ, "ಪೀಪಾಯಿ ಒಳ್ಳೇದು ತೊಳೀತಿದ್ದೆ. ನಿನ್ನ ಕಾಲದಲ್ಲಿ ಒಂದು ಪೀಪಾಯಿಯೂ ಹುಳಿಯಾಗಿ ವಾಪಸ್ ಬರಲಿಲ್ಲ. ಹೇಳಬೇಕಿತ್ತು ನಾನು, ಹೇಳಲಿಲ್ಲ" ಎಂದರು.

ವಾಪಸ್ಸು ಬರುವಾಗ ಆವಲಪ್ಪನವರು ಅರ್ಧದಾರಿಯಲ್ಲಿ ನಿಂತು, "ಊರಲ್ಲಿ ಏನ್ ಹೇಳ್ತೀರ ಮೇಷ್ಟ್ರೇ?" ಎಂದು ಕೇಳಿದರು. ಬಿಯರು ಚೆನ್ನಾಗಿತ್ತು, ದೊರೆ ಎರಡು ಗ್ಲಾಸು ಕುಡಿದರು, ಅಷ್ಟೇ ಹೇಳುತ್ತೇನೆ ಎಂದೆ. ಆದರೆ ನನಗೆ ಆ ಅವಕಾಶ ಸಿಗಲಿಲ್ಲ. ಜಗಲಿಯ ಮೇಲೆ ಕಾಯುತ್ತಿದ್ದ ಗಂಗಣ್ಣನ ಮುಂದೆಯೇ ಅವರು ಹೆಂಡತಿಗೆ ಎಲ್ಲವನ್ನೂ ಹೇಳಿದರು, ಪೀಪಾಯಿ ತೊಳೆದದ್ದನ್ನೂ ಸೇರಿಸಿ. ಗಂಗಣ್ಣ ನಗಲಿಲ್ಲ. ಮುನಿವೆಂಕಟಮ್ಮನವರು ಒಬ್ಬಟ್ಟಿನ ಮೇಲೆ ತುಪ್ಪ ಬಡಿಸುತ್ತ, "ಮೊದಲ ಸಲ ರಜಕ್ಕೆ ಬಂದಾಗ್ಲೇ ಗೊತ್ತಾಯ್ತು ನಂಗೆ. ತೊಳೆಯೋ ಸೋಡಾ ನೀರಲ್ಲಿ ಬೆಂದು ಸೀಳಿದ್ವು ಕೈ. ಮೇಸ್ತ್ರಿ ಕೈ ಹಂಗಿರ್ತದಾ?" ಎಂದರು. "ಮತ್ತೆ ಹದಿನಾಲ್ಕು ವರ್ಷ ಯಾಕೆ ಸುಮ್ನಿದ್ದೆ?" ಎಂದು ಆವಲಪ್ಪನವರು ಕೇಳಿದರೆ, "ಕಥೆ ಚೆನ್ನಾಗಿತ್ತು" ಎಂದು ಒಳಗೆ ಹೋದರು.

ಊರು ಅವರನ್ನು ಮೇಸ್ತ್ರಿ ಎಂದೇ ಕೊನೆಯವರೆಗೂ ಕರೆಯಿತು. ನಿಜ ಹೇಳಿದ ಮೇಲೆ ಆ ಹೆಸರಿಗೆ ಅವರು ತಕ್ಕವರಾಗಿದ್ದರಷ್ಟೆ. ದೊಡ್ಡ ಕಾರ್ಖಾನೆಗಳ ಗೋಡೆಯ ಹೊರಗೆ ಇಂಥವರು ಎಷ್ಟು ಜನರಿದ್ದಾರೋ. ಒಳಗೆ ಆಗುವುದರ ವಾಸನೆಯಷ್ಟೇ ಅವರ ಪಾಲಿಗೆ, ಆ ವಾಸನೆಯಿಂದಲೇ ಒಂದು ಬದುಕಿನ ಗೌರವವನ್ನು ಕಟ್ಟಿಕೊಳ್ಳುತ್ತಾರೆ. ಅವರು ಸುಳ್ಳು ಹೇಳುತ್ತಾರೆ ಎನ್ನುವುದು ಸುಲಭ. ತಾವು ತೊಳೆದ ಪೀಪಾಯಿಗೆ ಒಂದು ಒಳ್ಳೆಯ ಮಾತು ಯಾರಾದರೂ ಸಕಾಲಕ್ಕೆ ಆಡಿದ್ದರೆ, ಅವರಿಗೆ ಆ ಸುಳ್ಳು ಬೇಕಾಗುತ್ತಿರಲಿಲ್ಲ.